ಕಾರಿನ ಎಬಿಎಸ್ ದೀಪ ಹತ್ತಿಕೊಂಡರೆ ಬ್ರೇಕ್ ಫೇಲ್ ಆಯಿತು ಎಂದರ್ಥವೇ? ಆ ಹಳದಿ ದೀಪ ನಿಜಕ್ಕೂ ಹೇಳುವುದೇನು?

ಮಳೆಗಾಲ ಶುರುವಾಯಿತೆಂದರೆ ನಮಗೆ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಕಾರಿನ ಮೀಟರ್ ಬೋರ್ಡಿನ ಫೋಟೊಗಳು ಹೆಚ್ಚುತ್ತವೆ. ವೃತ್ತದೊಳಗೆ ‘ಎಬಿಎಸ್’ ಎಂದು ಬರೆದ ಹಳದಿ ದೀಪ ಹತ್ತಿಕೊಂಡಿರುತ್ತದೆ. ಕೆಳಗೆ ಒಂದೇ ಪ್ರಶ್ನೆ: ‘ಹೀಗೇ ಓಡಿಸಬಹುದಾ?’

ಈ ದೀಪದ ಬಗ್ಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು ಹೆದರಿಸುವ ಮಾತು: ದೀಪ ಹತ್ತಿತೆಂದರೆ ಬ್ರೇಕ್ ಯಾವ ಕ್ಷಣದಲ್ಲಾದರೂ ಕೈಕೊಡುತ್ತದೆ, ಗಾಡಿ ಅಲ್ಲೇ ಬಿಟ್ಟು ಇಳಿಯಿರಿ. ಇನ್ನೊಂದು ಸಮಾಧಾನದ ಮಾತು: ಅದು ಸರ್ವಿಸ್ ಸೆಂಟರ್‌ನವರು ದುಡ್ಡು ಕೀಳಲು ಇಟ್ಟ ದೀಪ, ಬ್ಯಾಟರಿಯ ವೈರ್ ಹತ್ತು ನಿಮಿಷ ಬಿಚ್ಚಿ ಹಾಕಿದರೆ ತಾನಾಗಿಯೇ ಹೋಗುತ್ತದೆ. ಎರಡೂ ತಪ್ಪು. ನಮ್ಮನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯಕಾರಿ. ಏಕೆಂದರೆ ಹಾಗೆ ಮಾಡಿದಾಗ ದೀಪ ಕೆಲವೊಮ್ಮೆ ನಿಜವಾಗಿಯೂ ಆರಿಹೋಗುತ್ತದೆ.

ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳುವುದಾದರೆ ವಿಷಯ ಇಷ್ಟು. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ನಿಮ್ಮ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ಕಾಯುವ ವ್ಯವಸ್ಥೆ ಮಾತ್ರ ತನ್ನನ್ನು ತಾನೇ ಬಂದ್ ಮಾಡಿಕೊಂಡಿದೆ. ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಮಾತೇ ಬೇರೆ. ಆಗ ಗಾಡಿ ನಿಲ್ಲಿಸಲೇಬೇಕು.

ಚಕ್ರ ಸಿಕ್ಕಿಕೊಳ್ಳುವುದು ಎಂದರೆ

ಒದ್ದೆ ರಸ್ತೆಯಲ್ಲಿ ಸೈಕಲ್‌ನ ಬ್ರೇಕ್ ಗಟ್ಟಿಯಾಗಿ ಹಿಡಿದು ಜಾರಿ ಬಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರ ತಿರುಗುವುದು ನಿಂತರೂ ಗಾಡಿ ನಿಲ್ಲುವುದಿಲ್ಲ, ಟೈರ್ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಕಾರಿನ ಮುಂದಿನ ಚಕ್ರಗಳು ಹೀಗೆ ಸಿಕ್ಕಿಕೊಂಡರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತದೆ. ಉರುಳುವ ಚಕ್ರ ಮಾತ್ರ ದಿಕ್ಕು ಬದಲಿಸಬಲ್ಲದು.

ಎಬಿಎಸ್ ಮಾಡುವುದು ಇದನ್ನು ತಡೆಯುವ ಕೆಲಸ. ನಾಲ್ಕೂ ಚಕ್ರಗಳ ಬಳಿ ಒಂದೊಂದು ಸೆನ್ಸರ್ ಇದ್ದು ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಹೇಳುತ್ತಲೇ ಇರುತ್ತದೆ. ಬ್ರೇಕ್ ಒತ್ತಿದಾಗ ಯಾವುದೋ ಒಂದು ಚಕ್ರದ ವೇಗ ಉಳಿದವುಗಳಿಗಿಂತ ಥಟ್ಟನೆ ಕುಸಿದರೆ, ಅದು ಸಿಕ್ಕಿಕೊಳ್ಳುತ್ತಿದೆ ಎಂದು ಕಂಪ್ಯೂಟರ್ ಊಹಿಸುತ್ತದೆ. ಬಾನೆಟ್ ಒಳಗಿರುವ ಎಬಿಎಸ್ ಯೂನಿಟ್‌ನ ವಾಲ್ವ್‌ಗಳು ಆ ಚಕ್ರಕ್ಕೆ ಹೋಗುವ ಬ್ರೇಕ್ ಆಯಿಲ್‌ನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಇಳಿಸಿ ಏರಿಸುತ್ತವೆ. ಆಗ ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ. ಇದನ್ನು ಬ್ರೇಕ್ ಕೆಟ್ಟಿತೆಂದು ತಿಳಿದು ಕಾಲು ತೆಗೆದುಬಿಡುವವರಿದ್ದಾರೆ. ತೆಗೆಯಬಾರದು. ಆ ನಡುಕವೇ ಎಬಿಎಸ್ ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ.

ಎಬಿಎಸ್ ಇದ್ದರೆ ಗಾಡಿ ಯಾವಾಗಲೂ ಬೇಗ ನಿಲ್ಲುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸಡಿಲ ಜಲ್ಲಿಯ ಮೇಲೆ ಅದು ಸ್ವಲ್ಪ ಹೆಚ್ಚು ದೂರ ತೆಗೆದುಕೊಳ್ಳಲೂಬಹುದು. ಅದರ ಮುಖ್ಯ ಉಪಕಾರವೆಂದರೆ ಬ್ರೇಕ್ ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಿ, ಎದುರಿಗೆ ಬಂದ ದನವನ್ನೋ ಬೈಕನ್ನೋ ತಪ್ಪಿಸಲು ಬಿಡುವುದು.

ಇದೇನೂ ಹೊಸ ತಂತ್ರಜ್ಞಾನವಲ್ಲ. ನಾಲ್ಕೂ ಚಕ್ರಗಳನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಬೆಂಜ್‌ನ ಎಸ್ ಕ್ಲಾಸ್ ಕಾರಿಗೆ ಕೊಟ್ಟಿತು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಕಡಿಮೆ ಬೆಲೆಯ ಎಷ್ಟೋ ಕಾರುಗಳಲ್ಲಿ ಎಬಿಎಸ್ ಇರಲೇ ಇಲ್ಲ. ಹಾಗಾಗಿ ನಮ್ಮಲ್ಲಿ ಈ ದೀಪವನ್ನು ಮೊದಲ ಬಾರಿಗೆ ನೋಡಿ ಗಾಬರಿಯಾಗುವವರು ಇನ್ನೂ ಬಹಳ.

ಹಳದಿ ಮತ್ತು ಕೆಂಪು ಒಟ್ಟಿಗೆ ಹತ್ತಿದರೆ

ಕೀ ಆನ್ ಮಾಡಿದಾಗ ಎಬಿಎಸ್ ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಅದು ವ್ಯವಸ್ಥೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಹೊತ್ತು. ಆರದೆ ಉಳಿದರೆ ಅಥವಾ ಓಡುವಾಗ ಹತ್ತಿಕೊಂಡರೆ ದೋಷವಿದೆ ಎಂದರ್ಥ. ಅದರ ಜೊತೆಗೆ ಗಾಡಿ ಜಾರುವ ಚಿತ್ರವಿರುವ ಟ್ರ್ಯಾಕ್ಷನ್ ದೀಪ, ಹಿಲ್ ಹೋಲ್ಡ್ ದೀಪ ಕೂಡ ಹತ್ತಬಹುದು. ಅವೆಲ್ಲ ಅದೇ ಚಕ್ರದ ಸೆನ್ಸರ್‌ಗಳನ್ನು ನಂಬಿಕೊಂಡಿವೆ. ಒಂದು ಸೆನ್ಸರ್ ಹೋದರೆ ಮೂರು ದೀಪ ಹತ್ತುವುದು ಮಾಮೂಲು, ಮೂರು ಭಾಗ ಹಾಳಾಗಿವೆ ಎಂದೇನೂ ಅಲ್ಲ. ಕೆಲವು ಕಾರುಗಳಲ್ಲಿ ಸ್ಪೀಡೋಮೀಟರ್‌ಗೂ ವೇಗದ ಲೆಕ್ಕ ಎಬಿಎಸ್ ಯೂನಿಟ್‌ನಿಂದಲೇ ಹೋಗುತ್ತದೆ, ಆಗ ಮುಳ್ಳೂ ಸೊನ್ನೆಯಲ್ಲಿ ಮಲಗಿಬಿಡುತ್ತದೆ.

ಕೆಂಪು ದೀಪ, ಅಂದರೆ ವೃತ್ತದೊಳಗೆ ‘!’ ಇರುವುದು, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಹತ್ತುತ್ತದೆ. ಆದ್ದರಿಂದ ಮೊದಲು ಅದನ್ನು ಪೂರ್ತಿ ಇಳಿಸಿ ನೋಡಿ. ಇಳಿಸಿದ ಮೇಲೂ ಕೆಂಪು ಹೋಗದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಎಲ್ಲೋ ಸೋರುತ್ತಿರಬಹುದು. ಹಳದಿ, ಕೆಂಪು ಎರಡೂ ಉಳಿದಿದ್ದರೆ ಇನ್ನೊಂದು ಸಾಧ್ಯತೆ ಇದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕ್ ಬಲವನ್ನು ಹಂಚಿಕೊಡುವ ಇಬಿಡಿ ಎಂಬ ವ್ಯವಸ್ಥೆಯೂ ನಿಂತಿರಬಹುದು. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬಾಗಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಇಬಿಡಿ ಇಲ್ಲದಿದ್ದರೆ ಅವು ಮೊದಲು ಸಿಕ್ಕಿಕೊಂಡು ಗಾಡಿಯ ಹಿಂಭಾಗ ಗಿರ್ರನೆ ತಿರುಗಿಬಿಡಬಹುದು. ಪೆಡಲ್ ಮೆತ್ತಗಾಗಿದ್ದರೆ, ನೆಲದವರೆಗೆ ಹೋಗುತ್ತಿದ್ದರೆ ಟೋಯಿಂಗ್ ಗಾಡಿಯನ್ನೇ ಕರೆಸಿ. ಇಲ್ಲಿ ಮಾತ್ರ ಹೆದರಿಸುವ ಫಾರ್ವರ್ಡ್ ಹೇಳುವುದು ಸರಿ.

ಹಳದಿ ಒಂದೇ ಇದ್ದಾಗ ಮನೆ ತಲುಪುವುದು ಹೇಗೆ?

ಪೆಡಲ್ ಎಂದಿನಂತೆ ಗಟ್ಟಿಯಾಗಿದೆ, ಕೆಂಪು ದೀಪ ಇಲ್ಲ ಎಂದಾದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಎಬಿಎಸ್ ಇಲ್ಲದ ಹಳೆಯ ಗಾಡಿಯನ್ನು ಓಡಿಸುತ್ತಿದ್ದೇವೆ ಎಂದುಕೊಳ್ಳಿ. ಮುಂದಿನ ಗಾಡಿಯಿಂದ ಎಂದಿಗಿಂತ ಹೆಚ್ಚು ದೂರ ಇರಲಿ. ಘಾಟಿ ಇಳಿಯುತ್ತಿದ್ದರೆ ಕೆಳಗಿನ ಗೇರ್‌ನಲ್ಲಿ ಇಳಿಯಿರಿ, ತಿರುವಿಗೆ ಮೊದಲೇ ವೇಗ ತಗ್ಗಿಸಿ. ಬ್ರೇಕನ್ನು ಒಮ್ಮೆಲೇ ತುಳಿಯದೆ ಹಿಂಡಿದಂತೆ ಒತ್ತಬೇಕು. ಟೈರ್ ಕೀರಲು ಶುರುವಾದರೆ ಅಥವಾ ಸ್ಟಿಯರಿಂಗ್ ಮಾತು ಕೇಳದಿದ್ದರೆ ಕಾಲು ಒಂದಿಷ್ಟು ಸಡಿಲಿಸಿ ಮತ್ತೆ ಒತ್ತಬೇಕು. ಎಬಿಎಸ್ ಸರಿಯಿರುವ ಕಾರಿನಲ್ಲಿ ಹೀಗೆ ಬಿಟ್ಟು ಬಿಟ್ಟು ಒತ್ತುವುದು ತಪ್ಪು, ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ದೀಪ ಹತ್ತಿದಾಗ ಚಾಲಕನ ಅಭ್ಯಾಸವೇ ಬದಲಾಗಬೇಕು. ಈ ಮಾತನ್ನು ಹೇಳುವ ಒಂದು ಫಾರ್ವರ್ಡ್ ಕೂಡ ನಮ್ಮ ಕಣ್ಣಿಗೆ ಬಿದ್ದಿಲ್ಲ.

ದೋಷ ಎಲ್ಲಿದೆ ಎಂದು ಹುಡುಕುವುದು

ನಮ್ಮ ತಂಡದ ಒಬ್ಬರ ತಂದೆ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ, ಮಳೆಯಲ್ಲಿ, ಅವರ ಹ್ಯಾಚ್‌ಬ್ಯಾಕ್‌ನಲ್ಲಿ ಈ ದೀಪ ಹತ್ತಿತು. ಗಾಡಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಆರುತ್ತಿತ್ತು, ನಾಲ್ಕು ತಿರುವು ಕಳೆದರೆ ಮತ್ತೆ ಹತ್ತುತ್ತಿತ್ತು. ಮೊದಲು ಹೋದ ಗ್ಯಾರೇಜಿನಲ್ಲಿ ಕಾರಿಗೆ ಸ್ಕ್ಯಾನರ್ ಹಾಕದೆಯೇ ‘ಎಬಿಎಸ್ ಯೂನಿಟ್ ಹೋಗಿದೆ’ ಎಂದು ಹೇಳಿ, ನಲವತ್ತು ಸಾವಿರ ರೂಪಾಯಿಯ ಹತ್ತಿರದ ಲೆಕ್ಕ ಕೊಟ್ಟರು. ಈ ಲೇಖನ ಬರೆಯಲು ನಿಜವಾದ ಕಾರಣ ಆ ಲೆಕ್ಕದ ಚೀಟಿ.

ಯೂನಿಟ್ ಕೆಡುವುದೇ ಇಲ್ಲ ಎಂದಲ್ಲ, ಕೆಡುತ್ತದೆ. ಆದರೆ ಈ ದೀಪ ಹತ್ತಲು ಹೆಚ್ಚಾಗಿ ಕಾರಣವಾಗುವುದು ಚಕ್ರದ ಬಳಿಯ ಸೆನ್ಸರ್, ಅದರ ವೈರ್ ಅಥವಾ ಸಾಕೆಟ್. ಇವೆಲ್ಲ ಇರುವ ಜಾಗವನ್ನು ನೋಡಿದರೆ ಆಶ್ಚರ್ಯವಾಗುವುದಿಲ್ಲ. ಕೆಸರು, ನೀರು, ಬ್ರೇಕ್‌ನ ಬಿಸಿ, ಕಬ್ಬಿಣದ ಪುಡಿ ಎಲ್ಲವೂ ಬೀಳುವ ಜಾಗವದು. ಕರಾವಳಿಯಲ್ಲಾದರೆ ಉಪ್ಪು ಗಾಳಿಯೂ ಸೇರುತ್ತದೆ. ಮುಂದಿನ ಚಕ್ರದ ವೈರ್ ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ, ಗುಂಡಿಗೆ ಬಿದ್ದಾಗಲೆಲ್ಲ ಬಾಗುತ್ತದೆ. ವರ್ಷಗಟ್ಟಲೆ ನಿಲ್ಲಿಸಿದ ಕಾರಾದರೆ ಇಲಿಗಳ ಹಲ್ಲಿಗೂ ಸಿಗುತ್ತದೆ.

ಹಾಗಾಗಿ ಮೊದಲ ಕೆಲಸ ಕೋಡ್ ಓದಿಸುವುದು. ದೋಷ ಕಂಡಾಗ ಎಬಿಎಸ್ ಯೂನಿಟ್ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಎಬಿಎಸ್‌ಗೆ ಸಂಬಂಧಿಸಿದ ಕೋಡ್‌ಗಳು ಹೆಚ್ಚಾಗಿ ಇಂಗ್ಲಿಷ್‌ನ ‘ಸಿ’ ಅಕ್ಷರದಿಂದ ಶುರುವಾಗುತ್ತವೆ. ಸಿ0035 ಎಂದರೆ ಎಡ ಮುಂದಿನ ಚಕ್ರದ ಸೆನ್ಸರ್ ಸರ್ಕ್ಯೂಟ್, ಸಿ0040 ಬಲ ಮುಂದಿನದು, ಸಿ0045 ಎಡ ಹಿಂದಿನದು, ಸಿ0050 ಬಲ ಹಿಂದಿನದು. ಕಂಪನಿಗಳು ತಮ್ಮದೇ ಆದ ಕೋಡ್‌ಗಳನ್ನೂ ಇಟ್ಟುಕೊಂಡಿರುತ್ತವೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅದರಲ್ಲಿ ‘ದೋಷವಿಲ್ಲ’ ಎಂದು ಬಂದರೆ ಎಬಿಎಸ್ ಸರಿಯಿದೆ ಎಂದಲ್ಲ, ಅದಕ್ಕೆ ಎಬಿಎಸ್ ಕಾಣಿಸುವುದೇ ಇಲ್ಲ.

ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸುವುದೂ ಅವಸರವೇ. ಕೋಡ್ ಹೇಳುವುದು ‘ಸರ್ಕ್ಯೂಟ್’ ಎಂದು. ಅದರಲ್ಲಿ ಸೆನ್ಸರ್, ವೈರ್, ಸಾಕೆಟ್, ಯೂನಿಟ್‌ವರೆಗಿನ ಇಡೀ ದಾರಿ ಸೇರಿದೆ. ಹೊಸ ಸೆನ್ಸರ್ ಹಾಕಿದ ಮೇಲೂ ದೀಪ ಹೋಗದೆ, ಕೊನೆಗೆ ಬಾಡಿಯ ಕಡೆಯ ಸಾಕೆಟ್‌ನಲ್ಲಿ ಹಸಿರು ಕಿಲುಬು ಹಿಡಿದ ಪಿನ್ ಸಿಗುವುದು ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಕತೆ.

ಒಳ್ಳೆಯ ಮೆಕ್ಯಾನಿಕ್ ಮಾಡುವುದು ಹೀಗೆ. ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ತೆರೆದು ಗಾಡಿಯನ್ನು ನಿಧಾನವಾಗಿ ಓಡಿಸುತ್ತಾರೆ. ಮೂರು ಚಕ್ರ 20 ಎಂದು ತೋರಿಸುವಾಗ ಒಂದು ಸೊನ್ನೆ ಎಂದರೆ, ಅಥವಾ ಆಗಾಗ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಕಳ್ಳ ಸಿಕ್ಕಿದ. ಆಮೇಲೆ ಗಾಡಿಯನ್ನು ಜಾಕ್ ಮತ್ತು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಆ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ವೈರ್ ಅನ್ನು ಅಲ್ಲಲ್ಲಿ ಅಲುಗಾಡಿಸಿ ನೋಡುತ್ತಾರೆ. ಶಿರಾಡಿಯ ಕಾರಿನ ದೋಷ ಎರಡನೆಯ ಗ್ಯಾರೇಜಿನಲ್ಲಿ ಸಿಕ್ಕಿದ್ದು ಹೀಗೆಯೇ. ಕೋಡ್ ಎಡ ಮುಂದಿನ ಚಕ್ರದ್ದು. ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದಾಗ ಮಾತ್ರ ಸಿಗ್ನಲ್ ಕಡಿಯುತ್ತಿತ್ತು. ಕೆಲವು ತಿಂಗಳ ಹಿಂದೆ ಶಾಕ್ ಅಬ್ಸಾರ್ಬರ್ ಬದಲಿಸಿದವರು ಸೆನ್ಸರ್ ವೈರ್ ಹಿಡಿಯುವ ಕ್ಲಿಪ್ ಅನ್ನು ವಾಪಸ್ ಹಾಕಿರಲಿಲ್ಲ. ಜೋತುಬಿದ್ದ ವೈರ್ ಟೈರಿಗೆ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್ ಮೇಲೆ ಒಂದು ಸಣ್ಣ ಗೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ವೈರ್ ಸಮೇತ ಬರುವ ಹೊಸ ಸೆನ್ಸರ್, ಒಂದು ಕ್ಲಿಪ್, ಮಜೂರಿ ಸೇರಿ ಖರ್ಚು ಮೊದಲು ಹೇಳಿದ ಮೊತ್ತದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಆಯಿತು. ಹಣಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಇದು: ಯೂನಿಟ್ ಬದಲಿಸಿದ್ದರೂ ಮುಂದಿನ ಘಾಟಿಯ ತಿರುವಿನಲ್ಲಿ ದೀಪ ಮತ್ತೆ ಹತ್ತುತ್ತಿತ್ತು.

ಸೆನ್ಸರ್‌ಗಳಲ್ಲಿ ಎರಡು ಜಾತಿ. ಹಳೆಯ ಕಾರುಗಳದ್ದು ಅಯಸ್ಕಾಂತದ ಸುತ್ತ ತಂತಿ ಸುತ್ತಿದ ಕಾಯಿಲ್. ಹಲ್ಲಿನ ಉಂಗುರವೊಂದು ಅದರ ಮುಂದೆ ತಿರುಗಿದಾಗ ವಿದ್ಯುತ್ ಹುಟ್ಟುತ್ತದೆ. ಇದನ್ನು ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ ಪರೀಕ್ಷಿಸಬಹುದು. ಹೊಸ ಕಾರುಗಳ ಸೆನ್ಸರ್ ಒಳಗೆ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ, ಕೆಲಸ ಮಾಡಲು ಅದಕ್ಕೆ ಯೂನಿಟ್‌ನಿಂದ ವಿದ್ಯುತ್ ಬೇಕು. ಅದರ ಮೇಲೆ ಓಮ್ ಪರೀಕ್ಷೆ ಮಾಡಿ ‘ಸತ್ತಿದೆ’ ಎಂದು ತೀರ್ಮಾನಿಸಿದರೆ ಅದು ಸರಿಯಾದ ಪರೀಕ್ಷೆಯಲ್ಲ. ಯೂಟ್ಯೂಬ್ ವಿಡಿಯೊ ನೋಡಿ ಮನೆಯಲ್ಲೇ ಪರೀಕ್ಷಿಸುವವರು ಎಡವುವುದು ಹೆಚ್ಚಾಗಿ ಇಲ್ಲಿ.

ಸೆನ್ಸರ್ ಸರಿಯಿದ್ದರೂ ಅದರ ಮುಂದೆ ತಿರುಗುವ ಉಂಗುರ ಬಿರುಕು ಬಿಟ್ಟಿರಬಹುದು, ತುಕ್ಕು ಹಿಡಿದಿರಬಹುದು. ಇದಕ್ಕೊಂದು ವಿಚಿತ್ರ ಲಕ್ಷಣವಿದೆ. ಸಿಗ್ನಲ್ ಬಳಿ ನಿಧಾನವಾಗಿ ಬಂದು ಇನ್ನೇನು ನಿಲ್ಲಬೇಕು ಎನ್ನುವಾಗ, ಒಣ ರಸ್ತೆಯಲ್ಲೇ, ಪೆಡಲ್ ಗಡಗಡ ಎನ್ನುತ್ತದೆ. ಕಡಿಮೆ ವೇಗದಲ್ಲಿ ಸಿಗ್ನಲ್ ದುರ್ಬಲವಾಗಿ, ಚಕ್ರ ಸಿಕ್ಕಿಕೊಂಡಿತೆಂದು ಯೂನಿಟ್ ಮೋಸಹೋಗುತ್ತದೆ. ದೀಪ ಹತ್ತದಿದ್ದರೂ ಈ ಲಕ್ಷಣ ಕಂಡರೆ ತೋರಿಸಿ. ಹೊಸ ಕಾರುಗಳಲ್ಲಿ ಈ ಉಂಗುರ ಚಕ್ರದ ಬೇರಿಂಗ್‌ನ ಒಂದು ಬದಿಯಲ್ಲಿ ಅಯಸ್ಕಾಂತದ ಪಟ್ಟಿಯಾಗಿ ಅಡಗಿರುತ್ತದೆ, ನೋಡಲು ಬರಿಯ ಕಪ್ಪು ಸೀಲ್. ಬೇರಿಂಗ್ ಬದಲಿಸುವಾಗ ಅದನ್ನು ತಿರುಗುಮುರುಗಾಗಿ ಕೂರಿಸಿದರೆ ಸಿಗ್ನಲ್ ಬರುವುದೇ ಇಲ್ಲ. ಬೇರಿಂಗ್ ಕೆಲಸ ಮಾಡಿಸಿದ ಮರುದಿನವೇ ದೀಪ ಹತ್ತಿದ್ದರೆ ಈ ಸಂಶಯವನ್ನು ಅದೇ ಗ್ಯಾರೇಜಿನಲ್ಲಿ ಕೇಳಿ.

ಇನ್ನುಳಿದ ಕಾರಣಗಳನ್ನು ನೋಡಲು ಹೆಚ್ಚು ಖರ್ಚಿಲ್ಲ. ಎಬಿಎಸ್ ಫ್ಯೂಸ್ ಸುಟ್ಟಿರಬಹುದು. ಬ್ಯಾಟರಿ ಸೋತು ವೋಲ್ಟೇಜ್ ಕುಸಿದರೆ ಯೂನಿಟ್ ತಾನಾಗಿ ಬಂದ್ ಆಗುತ್ತದೆ. ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದು ನೋಡಿಸಿ. ಒಂದು ಚಕ್ರಕ್ಕೆ ಬೇರೆ ಅಳತೆಯ ಟೈರ್ ಅಥವಾ ಚಿಕ್ಕ ಸ್ಟೆಪ್ನಿ ಹಾಕಿದ್ದರೂ ಆ ಚಕ್ರ ಬೇರೆ ವೇಗದಲ್ಲಿ ತಿರುಗಿ ದೀಪ ಹತ್ತಬಹುದು. ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ಯೂನಿಟ್. ಸ್ಕ್ಯಾನರ್‌ಗೆ ಯೂನಿಟ್ ಮಾತಾಡಲೇ ಸಿಗದಿದ್ದರೆ (ಬೇರೆ ಕಂಪ್ಯೂಟರ್‌ಗಳು ಇದನ್ನು ಯು0121 ಎಂಬ ಕೋಡ್‌ನಲ್ಲಿ ದೂರುತ್ತವೆ), ಮೊದಲು ಅದಕ್ಕೆ ವಿದ್ಯುತ್ ಮತ್ತು ಅರ್ಥಿಂಗ್ ಬರುತ್ತಿದೆಯೇ ಎಂದು ನೋಡಬೇಕು. ಯೂನಿಟ್ ಬದಲಿಸುವುದೇ ಆದರೆ ಬ್ರೇಕ್ ಲೈನ್‌ನಿಂದ ಗಾಳಿ ತೆಗೆಯುವುದಕ್ಕೂ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಬೇಕು. ಅದು ಮನೆಯ ಅಂಗಳದ ಕೆಲಸವಲ್ಲ.

ಬ್ಯಾಟರಿ ವೈರ್ ಬಿಚ್ಚಿದರೆ, ಫ್ಯೂಸ್ ಕಿತ್ತರೆ?

ಬ್ಯಾಟರಿ ಬಿಚ್ಚಿದಾಗ ಕೆಲವು ಕಾರುಗಳಲ್ಲಿ ಕೋಡ್ ಅಳಿಸಿಹೋಗಿ ದೀಪ ಆರುತ್ತದೆ. ದೋಷ ಅಲ್ಲೇ ಇರುತ್ತದೆ. ಗಾಡಿ ಸ್ವಲ್ಪ ದೂರ ಓಡಿ ಯೂನಿಟ್ ಸೆನ್ಸರ್‌ಗಳನ್ನು ಮತ್ತೆ ನೋಡಿದಾಗ ದೀಪ ವಾಪಸ್ ಬರುತ್ತದೆ. ಈ ನಡುವೆ ಮೆಕ್ಯಾನಿಕ್‌ಗೆ ದಾರಿ ತೋರಿಸಬೇಕಿದ್ದ ಕೋಡ್ ಕಳೆದುಹೋಗಿರುತ್ತದೆ. ಹಾಗಾಗಿ ಗ್ಯಾರೇಜಿಗೆ ಹೋಗುವ ಮುನ್ನ ಈ ಪ್ರಯೋಗ ಮಾಡಬೇಡಿ. ಫ್ಯೂಸ್ ಕಿತ್ತರೆ ದೀಪ ಆರುವುದೂ ಇಲ್ಲ, ಯೂನಿಟ್‌ಗೆ ವಿದ್ಯುತ್ ಇಲ್ಲದಿದ್ದರೆ ದೀಪ ಹತ್ತಿಯೇ ಇರುವಂತೆ ಮಾಡಿರುತ್ತಾರೆ. ಸರಿಯಾಗಿ ರಿಪೇರಿಯಾದ ಮೇಲೂ ಕೆಲವು ಕಾರುಗಳಲ್ಲಿ ದೀಪ ತಕ್ಷಣ ಆರದೆ ಒಂದಿಷ್ಟು ದೂರ ಓಡಿದ ಮೇಲೆ ಆರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

‘ಬ್ರೇಕ್ ಆಯಿಲ್ ತುಂಬಿಸಿದರೆ ದೀಪ ಹೋಗುತ್ತದೆ’ ಎಂಬುದೂ ಕೇಳಿಬರುತ್ತದೆ. ಮಟ್ಟ ಕಡಿಮೆಯಿದ್ದರೆ ಹೋಗಲೂಬಹುದು. ಆದರೆ ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವುದಿಲ್ಲ. ಪ್ಯಾಡ್ ಸವೆದಾಗ ಮಟ್ಟ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ತುಂಬಿಸಿ ಸುಮ್ಮನಾದರೆ ಈ ಎರಡೂ ಸುಳಿವು ಮುಚ್ಚಿಹೋಗುತ್ತವೆ. ಡಬ್ಬದ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. ಇವು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವಗಳು. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ನೀರು ಹೀರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಹಳೆಯ ಆಯಿಲ್ ಇರುವ ಕಾರು ಉದ್ದನೆಯ ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ಆಯಿಲ್ ಕುದ್ದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಆ ತೇವ ಎಬಿಎಸ್ ಯೂನಿಟ್‌ನ ಒಳಗೂ ತುಕ್ಕು ಹಿಡಿಸುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಕಾರಿನ ಪುಸ್ತಕಗಳಲ್ಲಿ ಹೇಳುವುದು ಇದಕ್ಕೇ.

ಬೈಕ್‌ನಲ್ಲಿ ಎಬಿಎಸ್ ದೀಪ

ಬೈಕ್ ಓಡಿಸುವವರೂ ಕೇಳುತ್ತಾರೆ. ಬೈಕ್‌ಗಳಲ್ಲಿ ಕೀ ಆನ್ ಮಾಡಿದ ಮೇಲೆ ದೀಪ ಹತ್ತಿಯೇ ಇದ್ದು, ಗಾಡಿ ಸ್ವಲ್ಪ ವೇಗ ಪಡೆದ ಮೇಲೆ ಆರುವುದು ಸಹಜ. ನಿಂತಲ್ಲೇ ಆರಲಿಲ್ಲ ಎಂದು ಶೋರೂಮಿಗೆ ಓಡಬೇಕಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಗೇರ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿದರೂ ದೀಪ ಹತ್ತಬಹುದು, ಮುಂದಿನದು ನಿಂತು ಹಿಂದಿನದು ಓಡುವುದು ಯೂನಿಟ್‌ಗೆ ಅರ್ಥವಾಗುವುದಿಲ್ಲ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ, ಸ್ವಲ್ಪ ದೂರ ಓಡಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ

ದೀಪ ಹತ್ತಿದ ಕಾರನ್ನು ಮಾರುವುದು ಕಷ್ಟ, ಆದ್ದರಿಂದ ಕೆಲವರು ದೀಪವನ್ನೇ ತೆಗೆದುಬಿಡುತ್ತಾರೆ, ಇಲ್ಲವೇ ಮೀಟರ್ ಬೋರ್ಡಿನ ಆ ಜಾಗಕ್ಕೆ ಕಪ್ಪು ಟೇಪ್ ಅಂಟಿಸುತ್ತಾರೆ. ಕಾರು ನೋಡಲು ಹೋದಾಗ ಎಂಜಿನ್ ಆಗಲೇ ಓಡುತ್ತಿದ್ದರೆ ಆಫ್ ಮಾಡಿಸಿ. ನೀವೇ ಕೂತು ಕೀಯನ್ನು ಆನ್‌ಗೆ ತಂದು, ಸ್ಟಾರ್ಟ್ ಮಾಡದೆ ಮೀಟರ್ ಬೋರ್ಡ್ ನೋಡಿ. ಎಬಿಎಸ್ ದೀಪ ಹತ್ತಬೇಕು, ಆಮೇಲೆ ಆರಬೇಕು. ಎಬಿಎಸ್ ಇರುವ ಕಾರಿನಲ್ಲಿ ಅದು ಹತ್ತಲೇ ಇಲ್ಲವೆಂದರೆ, ಮುಂಗಡ ಕೊಡುವ ಮೊದಲು ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ.